ಕಪ್ಪು ಬಿಲ್ಲೆ ಮತ್ತು ಮೊದಲ ಶೀಲ

ನನ್ನ ಕೆಲಸ ಏನೆಂದು ನಮ್ಮೂರು ಔರಾದದಲ್ಲಿ ಯಾರಾದರೂ ಕೇಳಿದರೆ ಅವ್ವ ನನಗಿಂತ ಮೊದಲೇ ಬಾಯಿ ಹಾಕಿ, ಮಗಳು ಸರ್ಕಾರದ ಲ್ಯಾಬಿನಲ್ಲಿ ಗಾಜು ಮಾಡುತ್ತಾಳೆ ಅನ್ನುತ್ತಿದ್ದಳು. ಅದರ ಫಲ ಅನುಭವಿಸಬೇಕಾದವಳು ನಾನು. ಆ ಸಲ ರಜೆಗೆ ಬಂದ ಮರುದಿನವೇ ಬಾಜೂಮನೆಯ ಖಾಲಾ ತಮ್ಮ ಚಷ್ಮಾ ತಂದು ಕೈಗಿಟ್ಟು, ನಂಬರ್ ಸರಿ ಇದೆಯಾ ನೋಡು ಅಂದರು. ನನಗೆ ತಿಳಿಯುವುದಿಲ್ಲ ಅಂದದ್ದಕ್ಕೆ, ಇಷ್ಟು ಓದಿ ಏನು ಬಂತು ಎಂಬಂತೆ ನೋಡಿದರು.

ನಾನು ಮಾಡುವುದು ಗಾಜಲ್ಲ. ಜರ್ಮೇನಿಯಂ ಎಂಬ ಕಪ್ಪಗೆ ಹೊಳೆಯುವ ವಸ್ತುವನ್ನು ಹರಳಾಗಿ ಬೆಳೆಸಿ, ಬಿಲ್ಲೆಗಳಾಗಿ ಕೊಯ್ದು, ಉಜ್ಜಿ ನುಣುಪು ಮಾಡುತ್ತೇವೆ. ಅದರೊಳಗಿಂದ ನೋಡಹೋದರೆ ಕಣ್ಣೆದುರು ರೊಟ್ಟಿಯ ಹಂಚು ಹಿಡಿದಂತೆ, ಏನೂ ಕಾಣದು. ಆದರೆ ಬಿಸಿಯಾದ ವಸ್ತುಗಳಿಂದ ಹೊರಡುವ, ನಮ್ಮ ಕಣ್ಣಿಗೆ ಬೀಳದ ಬೆಳಕು ಅದನ್ನು ದಾಟಿ ಹೋಗುತ್ತದೆ. ಯುದ್ಧವಿಮಾನದಲ್ಲಿ ಗುರಿ ಹಿಡಿಯುವ ಉಪಕರಣಕ್ಕೆ ಅದೇ ಕಣ್ಣು. ಕಣ್ಣು ಕಂಡದ್ದನ್ನು ಲೆಕ್ಕ ಹಾಕಿ ಆಯುಧಕ್ಕೆ ದಾರಿ ತೋರಿಸುವ ಭಾಗ ಬೇರೆಯವರದು. ಗುಂಡಿ ಒತ್ತುವವನು ಇನ್ನೊಬ್ಬ. ನನ್ನ ಬಿಲ್ಲೆಯ ಮೇಲೆ ಗೀರಿಲ್ಲದಿದ್ದರೆ ನನ್ನ ಕೆಲಸ ಮುಗಿಯಿತು. ಹಾಗಂದುಕೊಂಡು ನೆಮ್ಮದಿಯಾಗಿಯೇ ಇದ್ದೆ.

ಬುದ್ಧ ಪೂರ್ಣಿಮೆಯ ದಿನ ನಮ್ಮ ಓಣಿಯ ಬುದ್ಧವಿಹಾರದಲ್ಲಿ ಪಂಚಶೀಲದ ಐದು ಪ್ರತಿಜ್ಞೆ ಹೇಳಿಸಲು ಅವ್ವ ನನ್ನನ್ನು ಕೇಳದೆಯೇ ನನ್ನ ಹೆಸರು ಕೊಟ್ಟುಬಿಟ್ಟಿದ್ದಳು. ಹಿಂದಿನ ಸಂಜೆ ನನ್ನ ಬಿಳಿ ಸೀರೆಗೆ ಇಸ್ತ್ರಿ ಮಾಡುತ್ತ ಕೇಳಿದಳು:

"ನೀ ಮಾಡೋ ಗಾಜಿನಾಗಿಂದ ಏನ್ ಕಾಣಸ್ತದ?"

"ಬಿಸಿ ಕಾಣಸ್ತದವ್ವ."

"ಮನಷ್ಯಾರ ಮೈ ಬಿಸಿನೂ?"

ಕಾಣಿಸುತ್ತದೆ ಅಂದೆ. ಅವ್ವ ಸೀರೆಯ ಮಡಿಕೆ ತಿರುವಿ ಹಾಕಿ ಇಸ್ತ್ರಿ ಮುಂದುವರಿಸಿದಳು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ದೇಶ ಕಾಯುವವರ ಕೈಗೆ ಕುರುಡು ವಿಮಾನ ಕೊಡಲಾದೀತೇ ಎಂದು ಗೊಣಗಿದೆ. ಅದೂ ನಿಜವೇ ಅನ್ನಿಸಿತು. ಬೀದರಿನಲ್ಲಿ ಕಾಲೇಜು ಓದುವಾಗ ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಹಾದರೆ ಮೇಷ್ಟ್ರು ಪಾಠ ನಿಲ್ಲಿಸಿ ಸದ್ದು ಅಡಗುವವರೆಗೆ ಕಾಯುತ್ತಿದ್ದರು. ಅವನ್ನು ನೋಡಿಯೇ ನನಗೆ ಈ ಓದಿನ ಹುಚ್ಚು ಹಿಡಿದದ್ದು. ಕೆಳಗೆ ಯಾರಿರುತ್ತಾರೆ ಎಂದು ಆಗ ಒಮ್ಮೆಯೂ ಯೋಚಿಸಿರಲಿಲ್ಲ.

ವಿಹಾರದಲ್ಲಿ ಮುಂದೆ ನಿಂತವರು ಒಂದೊಂದೇ ಶೀಲ ಹೇಳುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಮೊದಲನೆಯದು ಜೀವ ತೆಗೆಯೆನು ಎಂಬುದು. ಕೈ ಮುಗಿದು ಬಾಯಿ ತೆರೆದೆ. ಬಂದದ್ದು ಎರಡನೆಯದು, ಕೊಡದಿದ್ದುದನ್ನು ತೆಗೆದುಕೊಳ್ಳೆನು ಎಂಬುದು. ಬೇಕೆಂದೇ ಬಿಟ್ಟೆನೋ, ನಾಲಿಗೆ ಜಾರಿತೋ, ಇವತ್ತಿಗೂ ತಿಳಿಯದು. ಮುಂದಿದ್ದವಳು ಹೇಳಿದ್ದೇ ಸರಿ ಎಂದು ಇಡೀ ವಿಹಾರ ಎರಡನೆಯದನ್ನು ಒಪ್ಪಿಸಿತು. ಅದು ಮುಗಿದ ಮೇಲೆ ಹೆಂಗಸರ ಸಾಲಿನಿಂದ ಅವ್ವ ಒಬ್ಬಳೇ ಗಟ್ಟಿಯಾಗಿ ಮೊದಲ ಶೀಲ ಹೇಳಿದಳು. ಜನ ಅವಳ ಹಿಂದೆ ಹೇಳಿದರು. ನಾನೂ ಹೇಳಿದೆ.

ಖೀರು ಹಂಚುವಾಗ, ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದಾಳೆ ಎಂದು ಎಲ್ಲರೂ ನಕ್ಕುಬಿಟ್ಟರು. ಅವ್ವ ನಗಲಿಲ್ಲ. ಮನೆಗೆ ನಡೆಯುತ್ತ ನನ್ನ ಕೈ ಹಿಡಿದುಕೊಂಡಳು.

"ಮುಂದಿನ ವರ್ಷ ನೀ ಮುಂದ ನಿಂದ್ರಬ್ಯಾಡ. ಹಿಂದ ನನ್ನ ಬಾಜೂಕ ಕುಂದ್ರು," ಅಂದಳು. "ಆದ್ರ ಹೇಳೂದು ಬಿಡಬ್ಯಾಡ."

ಅದು ಶಿಕ್ಷೆಯೋ ವಿನಾಯಿತಿಯೋ ನನಗೆ ತಿಳಿಯಲಿಲ್ಲ. ಅವಳ ಅಂಗೈ ಬಿಸಿಯಾಗಿತ್ತು.