ಮುಚ್ಚಳದ ಬೆವರು

ದ್ರಾಕ್ಷಿ ಹಿಸುಕಿ ಹಿಸುಕಿ ಪಕ್ಕದ ಮನೆಯ ಆಂಟಿಯ ಉಗುರುಗಳು ಬೇಸಿಗೆಯುದ್ದಕ್ಕೂ ನೇರಳೆ ಬಣ್ಣದಲ್ಲೇ ಇರುತ್ತಿದ್ದವು. ಅದೇ ಕೈಯಲ್ಲಿ ಚರ್ಚಿನ ಹಾಡಿನ ಪುಸ್ತಕ ಹಿಡಿಯುತ್ತಿದ್ದರು, ಯಾರು ನೋಡಿದರೂ ಕ್ಯಾರೇ ಅನ್ನುತ್ತಿರಲಿಲ್ಲ. ಬೀದರಿನವರು. ನಾರಾಯಣಗೂಡಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ತರಕಾರಿಯವನ ಹತ್ತಿರ ಮಾತ್ರ ತೆಲುಗು, ನನ್ನ ಹತ್ತಿರ ಬೀದರ್ ಕನ್ನಡವೇ.

ಅವರ ಮನೆತನದಲ್ಲಿ ಮದುವೆಯ ವೈನನ್ನು ಹೆಣ್ಣಿನ ತಾಯಿಯೇ ಹಾಕಬೇಕು. ಅಂಗಡಿಯದು ತಂದರೆ ಬೀಗರ ಮುಂದೆ ತಲೆ ತಗ್ಗಿಸಿದಂತೆ. ಆ ವರ್ಷ ಈಸ್ಟರ್ ಮುಗಿದ ಮೇಲೆ ಒಬ್ಬಳೇ ಮಗಳ ಮದುವೆ. ಪಿಂಗಾಣಿ ಜಾಡಿ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಇಟ್ಟರು. ದಿನಾ ಎರಡು ಹೊತ್ತು ಆ ಮುಚ್ಚಳದ ಒಳಗಡೆ ಬೆವರಿದ ಹನಿಗಳನ್ನು ಬಿಸಿಲಲ್ಲಿ ಒಣಗಿಸಿದ ಬಟ್ಟೆಯಿಂದ ಒರೆಸುತ್ತಿದ್ದರು.

"ಹನಿ ಒಳಗ ಬಿತ್ತಂದ್ರ ಬೂಷ್ಟು ಬಂತಂತ ತಿಳ್ಕೊ ತಂಗಿ," ಎನ್ನುತ್ತಿದ್ದರು.

ಲಗ್ನಪತ್ರಿಕೆ ಹಂಚಲು ಮಗಳನ್ನೂ ಕರೆದುಕೊಂಡು ಎಂಟು ದಿನ ಬೀದರಿಗೆ ಹೊರಟಾಗ ಮನೆಯ ಕೀಲಿ ನನಗೆ ಕೊಟ್ಟರು. "ಒರೆಸೋದಷ್ಟೇ ನಿನ್ ಕೆಲ್ಸ. ಮತ್ತೇನೂ ಶಾಣ್ಯಾತನ ಮಾಡಬ್ಯಾಡ."

ಮಾಡಿದೆ. ನನಗೆ ಸುಮ್ಮನಿರಲು ಬರುವುದಿಲ್ಲ. ಕೋಚಿಂಗ್ ಸೆಂಟರಿನಲ್ಲಿ ಪಾಠ ಮಾಡುವಾಗಲೂ ಜಾಡಿಯದೇ ಚಿಂತೆ, ಮಧ್ಯಾಹ್ನ ಓಡಿ ಬಂದು ನೋಡುತ್ತಿದ್ದೆ. ಈ ಸೆಖೆಗೆ ಕೆಟ್ಟೇ ಹೋದರೆ? ಮೂರನೆಯ ದಿನ ಜಾಡಿಯನ್ನು ಎಳೆದು ಕೂಲರಿನ ಎದುರಿಗಿಟ್ಟು, ನೀರು ತುಂಬಿ ಹಚ್ಚಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ! ಆ ತೇವದ ಗಾಳಿಗೆ ಬಾಯಿಬಟ್ಟೆ ಒದ್ದೆಯಾಯಿತು, ಮುಚ್ಚಳದ ತುಂಬ ಹನಿ. ಒರೆಸಿದಷ್ಟೂ ಬರುತ್ತಿತ್ತು. ಆರನೆಯ ದಿನ ರಸದ ಮೇಲೆ ಹಸಿರು ಬೂಷ್ಟು. ಸೌಟಿನಿಂದ ತೆಗೆದು ಚೆಲ್ಲಿದೆ, ಮರುದಿನ ಮತ್ತೆ ಬಂತು.

ಊರಿಂದ ಬಂದ ದಿನ, ಮಗಳು ಹೊರಗೆ ಹೋಗಿದ್ದಾಗ, ಆಂಟಿ ಮುಚ್ಚಳ ತೆಗೆದು ಮೂಸಿದರು. ನಾನು ಅಳುತ್ತಾ ಎಲ್ಲ ಹೇಳಿದೆ. ಬೈಯಲಿಲ್ಲ. "ಮ್ಯಾಲಿಂದು ತೆಗೆದಿ, ಒಳಗಿಂದಕ್ಕ ಏನ್ ಮಾಡ್ತಿ?" ಎಂದು ಅಷ್ಟನ್ನೂ ಮೋರಿಗೆ ಸುರಿದರು. ಹೊಸದಾಗಿ ಹಾಕಲು ದಿನ ಉಳಿದಿರಲಿಲ್ಲ.

ಮದುವೆಗೆ ಅಂಗಡಿಯ ಬಾಟಲಿಗಳು ಬಂದವು. "ಮನೀದು ಇಲ್ಲೇನ್ರಿ?" ಎಂದು ಬೀಗಿತಿ ಹುಬ್ಬೇರಿಸಿದರು. ಆಂಟಿ ಪಕ್ಕದಲ್ಲೇ ನಿಂತಿದ್ದ ನನ್ನತ್ತ ನೋಡಲೂ ಇಲ್ಲ. "ಈ ಸಲ ನನ್ ಕೈ ತಪ್ತುರಿ," ಎಂದರು. ನಾನು ತಲೆ ತಗ್ಗಿಸಿ ಗ್ಲಾಸು ಜೋಡಿಸತೊಡಗಿದೆ.

ಮುಂದಿನ ಬೇಸಿಗೆಯಲ್ಲಿ ಒರೆಸುವ ಬಟ್ಟೆಯನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಮಗಳಿಗೆ ನಿಜ ಹೇಳಬೇಕೆಂದು ಎಷ್ಟು ಸಲ ಫೋನ್ ಹಚ್ಚಿ, ರಿಂಗ್ ಆಗುವ ಮೊದಲೇ ಇಟ್ಟೆನೋ.

ಹೋದ ವರ್ಷ ಆಂಟಿ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಮಗಳು ನೆಂಟರಿಗೆ ಹೇಳುತ್ತಿದ್ದಳು, "ಅವ್ವನ ಕೈ ತಪ್ಪಿದ್ದು ಒಂದೇ ಸಲ, ಅದೂ ನನ್ ಲಗ್ನದಾಗ."

ನನಗೆ ಕೂರಲಾಗಲಿಲ್ಲ. ಎಲ್ಲರೆದುರು ಎದ್ದು ನಿಂತೆ. "ತಪ್ಪು ಅವರದ್ದಲ್ಲ, ನನ್ನದು. ಜಾಡಿ ಕೆಡಿಸಿದ್ದು ನಾನು," ಎಂದೆ.

ಅವಳು ನನ್ನನ್ನೇ ನೋಡಿದಳು. "ಇಷ್ಟ್ ವರ್ಷ ನಮ್ಮತ್ತಿ ಅವ್ವಗ ಆಡ್ಕೊಂಡೇ ಬಂದ್ಳು. ಅವ್ವ ಇದ್ದಾಗ ಹೇಳಬೇಕಿತ್ತಲ್ರಿ."