ಕಾಂದಿವಲಿಗೆ ಕಲಿತು ಹೋದ ಮಾತು

ಆರು ವರ್ಷ ತುಂಬುವವರೆಗೆ ನಾನು ಅಪ್ಪನ ತಂಗಿಯನ್ನು ಅಮ್ಮ ಎಂದೂ ಹೆತ್ತ ತಾಯಿಯನ್ನು ಅತ್ತಿಗೆ ಎಂದೂ ಕರೆಯುತ್ತಿದ್ದೆ. ನನ್ನನ್ನು ಹೆತ್ತ ಮೇಲೆ ತಾಯಿ ಕಾಯಿಲೆ ಬಿದ್ದು ಎರಡು ವರ್ಷ ಮೈಸೂರಿನ ತವರಿನಲ್ಲಿದ್ದಳು. ವಡಾಲದ ನಮ್ಮ ಮನೆಯಲ್ಲಿ ಹಗಲು ಅಜ್ಜಿ ನೋಡಿಕೊಂಡರೂ ಬೆಳಿಗ್ಗೆ ನೀರು ಹಾಕಿ, ಸಂಜೆ ಅನ್ನ ಕಲಸಿ ತಿನ್ನಿಸಿ, ಪಕ್ಕದಲ್ಲಿ ಮಲಗಿಸಿಕೊಂಡವಳು ಅತ್ತೆ. ತಾಯಿ ಗುಣವಾಗಿ ಬಂದಾಗ ಅತ್ತೆ ಅವಳನ್ನು ‘ಅತ್ತಿಗೆ’ ಎಂದದ್ದು ಕೇಳಿ ನಾನೂ ಹಾಗೇ ಕರೆದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಹೀಗೆ ಕರೆಯುವುದುಂಟು. ಎಲ್ಲರೂ ನಕ್ಕರು, ಯಾರೂ ತಿದ್ದಲಿಲ್ಲ.

ಅತ್ತೆ ಬೋರಿಬಂದರಿನ ಹತ್ತಿರ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಾವಿದ್ದ ಎರಡು ಖೋಲಿಯ ಮನೆ ಆ ಆಫೀಸಿನವರು ಅವಳಿಗೆ ಕೊಟ್ಟದ್ದು. ಅಪ್ಪನಿಗೆ ಯಾವ ಕೆಲಸವೂ ಹತ್ತುತ್ತಿರಲಿಲ್ಲ. ಮದುವೆಯಾದ ಹೆಂಗಸರನ್ನು ಆ ಆಫೀಸು ಇಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ, ಅತ್ತೆ ಮದುವೆಯಾಗಿ ಹೊರಟರೆ ನಾವೆಲ್ಲ ಪಾತ್ರೆ ಪಡಗ ಹೊತ್ತು ಬೀದಿಗೆ ಬರಬೇಕಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವಷ್ಟು ನಾಚಿಕೆಗೇಡಿಗಳು ಮಾತ್ರ ನಾವಾಗಿರಲಿಲ್ಲ.

ಅವಳಿಗೆ ಮೂವತ್ತೊಂದಾದಾಗ ಕಾಂದಿವಲಿಯಿಂದ ಒಂದು ಸಂಬಂಧ ಬಂತು. ಗಂಡು ನಮ್ಮವರೇ, ಶಾಲೆಯ ಮೇಷ್ಟರು, ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅತ್ತೆಗೆ ಮನಸ್ಸಿತ್ತು. ಆ ವಾರವೆಲ್ಲ ಅವಳು ಬಟ್ಟೆ ಒಗೆಯುವಾಗಲೂ ಏನೋ ಗುನುಗುತ್ತಿದ್ದಳು.

ಭಾನುವಾರ ಮೇಷ್ಟರು ತಾಯಿಯೊಂದಿಗೆ ಬಂದರು. ನನ್ನನ್ನು ಪಕ್ಕದ ಮರಾಠಿ ಹೆಂಗಸಿನ ಮನೆಯಲ್ಲಿ ಕೂಡಿಸಿದ್ದರು. ನಾನು ಮೆಟ್ಟಿಲ ಮೇಲೆ ಕುಣಿಯಲು ಹೋಗಿ ಬಿದ್ದು ಮೊಣಕಾಲು ತರಚಿಕೊಂಡೆ. ‘ಅಮ್ಮಾ’ ಎಂದು ಕಿರುಚುತ್ತ ಮನೆಗೆ ಓಡಿ ಅತ್ತೆಯ ಮಡಿಲಲ್ಲಿ ಬಿದ್ದೆ. ಕಾಫಿ ಹಿಡಿದು ನಿಂತಿದ್ದ ತಾಯಿ, “ಬಾ ಪುಟ್ಟಿ, ಇಲ್ಲಿ ಬಾ” ಎಂದು ಕೈಚಾಚಿದಳು.

“ಅತ್ತಿಗೆ ಬೇಡ, ನಂಗೆ ಅಮ್ಮ ಬೇಕು” ಎಂದು ಚೀರಿದೆ.

ಮೇಷ್ಟರ ತಾಯಿ ಲೋಟ ಕೆಳಗಿಟ್ಟರು. “ಮಗು ಯಾರ್ದು?”

“ನಮ್ಮನೇದೇ ಮಗು” ಎಂದಳು ಅಜ್ಜಿ.

ಅಷ್ಟೇ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ತಾಯಿ ಬಾಯಿ ತೆರೆದಳು, ಅಜ್ಜಿ ಕಣ್ಣು ಕೆಕ್ಕರಿಸಿದ ಮೇಲೆ ಮುಚ್ಚಿದಳು. ಹೆಣ್ಣು ನೋಡಲು ಬಂದವರೆದುರು ಹೆಣ್ಣು ತಾನಾಗಿ ಮಾತಾಡುವಂತಿರಲಿಲ್ಲ. ಅತ್ತೆ ನನ್ನ ಮೊಣಕಾಲನ್ನು ಸೆರಗಿನಿಂದ ಒತ್ತಿ ಹಿಡಿದು ಅಪ್ಪನನ್ನೇ ನೋಡಿದಳು. ಅಪ್ಪ ಕಾಫಿ ಆರಿಸುತ್ತಿದ್ದ.

“ಕಾಗದ ಬರೀತೀವಿ” ಎಂದು ಹೇಳಿ ಅವರು ಹೋದರು. ಹಾಗೆಂದವರು ಬರೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತು.

“ಅಣ್ಣ, ಒಂದ್ಸಲ ಕಾಂದಿವಲಿಗೆ ಹೋಗಿ ಇದ್ದದ್ದು ಹೇಳ್ಬಿಟ್ಟು ಬಾ” ಎಂದು ಅತ್ತೆ ಅಪ್ಪನನ್ನು ಕೇಳಿದಳು.

“ಬರೋ ಭಾನುವಾರ ಹೋಗ್ತೀನಿ” ಎಂದ ಅಪ್ಪ. ನಾಲ್ಕು ಭಾನುವಾರ ಹಾಗೇ ಅಂದ. ಅಪ್ಪನ ಮೇಲಿನ ನನ್ನ ಸಿಟ್ಟು ಅವನು ಸತ್ತು ಇಷ್ಟು ವರ್ಷವಾದರೂ ಇಳಿದಿಲ್ಲ.

ಐದನೆಯ ವಾರ ಶಾಲೆಗಳಿಗೆ ಬಿಡುವಿದ್ದ ಒಂದು ದಿನ ಅತ್ತೆ ಆಫೀಸಿಗೆ ರಜೆ ಹಾಕಿದಳು. ಮನೆಯಲ್ಲಿ ಹೇಳದೆ ನನಗೆ ಎರಡು ಜಡೆ ಹಾಕಿ, ಹಬ್ಬದ ಫ್ರಾಕು ತೊಡಿಸಿ, ದಾದರಿನಲ್ಲಿ ಲೋಕಲ್ ಹತ್ತಿಸಿದಳು. ದಾರಿಯುದ್ದಕ್ಕೂ ಪಾಠ.

“ನಾನು ಯಾರು?”

“ಅಮ್ಮ.”

“ಅಲ್ಲ. ಅತ್ತೆ ಅನ್ನು. ಮನೇಲಿ ಕಾಫಿ ಕೊಟ್ಟೋರು ಯಾರು?”

ಅಂಧೇರಿ ದಾಟುವ ಹೊತ್ತಿಗೆ ನನಗೆ ಬಾಯಿಪಾಠವಾಗಿತ್ತು. ಚೆನ್ನಾಗಿ ಹೇಳಿದರೆ ಅವಳು ಕೆನ್ನೆ ಸವರುತ್ತಿದ್ದಳು. ಅದಕ್ಕೇ ಮತ್ತೆ ಮತ್ತೆ ಹೇಳಿದೆ.

ಬಾಗಿಲು ತೆರೆದವರು ಮೇಷ್ಟರ ತಾಯಿ. ಒಳಗೆ ಕರೆಯಲಿಲ್ಲ. ಅತ್ತೆ, “ಇವಳು ನಮ್ಮಣ್ಣನ ಮಗಳು. ಚಿಕ್ಕಂದಿನಲ್ಲಿ ರೂಢಿಯಾಗಿ ಹಾಗೆ ಕರೀತಿದ್ಲು” ಎನ್ನುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಕೈಕಟ್ಟಿ ನಿಂತೆ. “ಇವರು ನಮ್ಮತ್ತೆ. ಕಾಫಿ ಕೊಟ್ಟೋರು ನಮ್ಮಮ್ಮ. ಅಮ್ಮನ್ನ ಅತ್ತಿಗೆ ಅಂದಿದ್ದು ತಪ್ಪು.” ಎಲ್ಲೂ ತಡವರಿಸಲಿಲ್ಲ.

ಆಕೆ ನನ್ನನ್ನೂ ಅತ್ತೆಯನ್ನೂ ಮೇಲಿಂದ ಕೆಳಗೆ ನೋಡಿದರು. “ಎಷ್ಟು ಚೆನ್ನಾಗಿ ಕಲಿಸ್ಕೊಂಡು ಬಂದಿದ್ದೀಯಮ್ಮ. ಪಾಪ, ಹೆತ್ತ ಮಗು ಕೈಲಿ ಹೀಗೆ ಹೇಳಿಸೋಕೆ ಹೊಟ್ಟೆ ಉರೀಲಿಲ್ವ?”

ಒಳಗೆ ಮೇಷ್ಟರು ಕೆಮ್ಮಿದ್ದು ಕೇಳಿಸಿತು. ಹೊರಗೆ ಬರಲಿಲ್ಲ. ಬಾಗಿಲು ಹಾಕಿಕೊಂಡಿತು.

ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಅತ್ತೆ ಬಂದ ಎರಡು ಗಾಡಿಗಳನ್ನು ಹತ್ತದೆ ಬಿಟ್ಟಳು. ಅಳಲಿಲ್ಲ. ನನ್ನ ಕೈಯನ್ನು ಮಾತ್ರ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಈ ಸಲ ಅವಳು ಕೆನ್ನೆ ಸವರಲೇ ಇಲ್ಲವಲ್ಲ ಎಂದು ನನಗೆ ಒಳಗೊಳಗೇ ಕೋಪ.

“ಅತ್ತೆ, ನಾನು ಸರಿಯಾಗಿ ಹೇಳಿದ್ನಾ?” ಎಂದು ಕೇಳಿದೆ.

“ಸರಿಯಾಗೇ ಹೇಳ್ದೆ, ಪುಟ್ಟಿ” ಎಂದಳು.