ಬೆನ್ನು ತಿರುಗಿಸಿ ನಿಲ್ಲುವ ಮೇಷ್ಟ್ರು

ಮದರಾಸಿನ ಅಂಚಿನ ಗಾಲ್ಫ್ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಐವತ್ತು ದಾಟಿದ ವಿಮಾ ಅಧಿಕಾರಿಯೊಬ್ಬರು ಎರಡೂ ಕೈಯಿಂದ ಒಂದು ಸಾಂಬಾರಿನ ಬಕೆಟ್ ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಾರೆ. ಬಕೆಟ್ಟಿನಲ್ಲಿ ಅರ್ಧ ನೀರು. ಅವಸರ ಮಾಡಿದರೆ ಬೂಟಿನ ಮೇಲೆ ಚೆಲ್ಲುತ್ತದೆ. ಚೆಲ್ಲಿಯೇಬಿಟ್ಟಿತು.

"ಪರವಾಯಿಲ್ಲೆ ಸಾರ್, ಬೂಟಿಗೆ ಸ್ನಾನ ಆಯ್ತು. ಇನ್ನೊಮ್ಮೆ, ಮೆಲ್ಲ," ಎನ್ನುತ್ತಾರೆ ಮೇಷ್ಟ್ರು ಸದಾನಂದ. ಅಧಿಕಾರಿ ರಾಮದಾಸರು ನಗುತ್ತಾರೆ. ಸದಾನಂದರಿಗೆ ಇವತ್ತು ನಗು ಬರುತ್ತಿಲ್ಲ. ಅವರ ಜೇಬಿನಲ್ಲಿ ಕ್ಲಬ್ಬಿನ ಹೊಸ ಕಾರ್ಯದರ್ಶಿಯ ಇಂಗ್ಲಿಷ್ ಚೀಟಿ ಇದೆ. ನಿನ್ನೆಯಿಂದ ಅದನ್ನು ನಾಲ್ಕು ಜನರ ಕೈಯಲ್ಲಿ ಓದಿಸಿದ್ದಾರೆ. ನಾಲ್ವರೂ ಒಂದೇ ಅರ್ಥ ಹೇಳಿದ್ದಾರೆ.

ಏಳು ಗಂಟೆಗೆ ಸಮಿತಿಯ ನಾಲ್ವರು ಬಂದು ಪಾಠ ನೋಡುತ್ತಾರೆ. ಬಕೆಟ್ ಕಣ್ಣಿಗೆ ಬೀಳಬಾರದು. ಮೇಷ್ಟ್ರು ಶಿಷ್ಯನಿಗೆ ಮುಖ ಕೊಟ್ಟೇ ನಿಲ್ಲಬೇಕು. ಅವರಿಗೆ ಸರಿ ಕಾಣದಿದ್ದರೆ ಪಾಠ ಬಂದ್, ಮತ್ತೆ ಸಾಹೇಬರುಗಳ ಹಿಂದೆ ಕೋಲಿನ ಚೀಲ ಹೊರುವ ಕೆಲಸ. ಸದಾನಂದರ ಎಡ ಮೊಣಕಾಲು ಆ ಕೆಲಸವನ್ನು ಕೈಬಿಟ್ಟು ವರ್ಷವಾಯಿತು.

ಕಾರ್ಕಳದ ಕಡೆಯಿಂದ ಬಂದ ಸದಾನಂದ ಮೈಲಾಪೂರಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದರು. ಬಡಿಸಲು ನಿಂತ ಮೊದಲ ದಿನ ಧಣಿ ಗಲ್ಲಾದಲ್ಲಿ ಕೂತು ಇವರನ್ನೇ ಕಣ್ಣು ಕೀಳದೆ ನೋಡಿದರು. ಮೂರನೇ ಎಲೆಗೆ ಹೋಗುವಷ್ಟರಲ್ಲಿ ಬಕೆಟ್ ಗಿರಾಕಿಯ ತೊಡೆಯ ಮೇಲಿತ್ತು. "ಅವರು ನೋಡದೆ ಇರ್ತಿದ್ರೆ ಬೀಳ್ತಿರ್ಲಿಲ್ಲ ಮಾರಾಯ್ರೆ. ನೋಡುವವರ ಕಣ್ಣಿಗೆ ತುಂಬ ಭಾರ ಉಂಟು," ಎನ್ನುತ್ತಾರೆ. ಅಂದೇ ಕೆಲಸ ಹೋಯಿತು. ಅದು ನಲವತ್ತೆರಡನೇ ಇಸವಿ. ಮರುವಾರ ಜಪಾನಿನ ಬಾಂಬಿಗೆ ಹೆದರಿ ಊರಿಗೆ ಊರೇ ಖಾಲಿಯಾಗಿ, ಕ್ಲಬ್ಬಿನಲ್ಲಿ ಚೀಲ ಹೊರುವವರೂ ಇಲ್ಲವಾದರು. ಹೋಗಲು ಜಾಗವಿಲ್ಲದ ಸದಾನಂದ ಗೇಟಿನ ಒಳಗೆ ಕಾಲಿಟ್ಟರು.

ಇಪ್ಪತ್ತೊಂದು ವರ್ಷದಲ್ಲಿ ಅವರು ಕಂಡದ್ದು ಒಂದೇ. ಹೊಸಬರು ತಿಂಗಳೊಳಗೆ ಆಟ ಬಿಟ್ಟು ಓಡುತ್ತಾರೆ. ಬಿಸಿಲಿಗಲ್ಲ, ನಗೆಪಾಟಲಿಗೆ ಹೆದರಿ. ಹಾಗಾಗಿ ಅವರ ಪಾಠ ಕೊನೆಯಿಂದ ಶುರುವಾಗುತ್ತದೆ. ಮೊದಲ ದಿನ ಚೆಂಡು ಕುಳಿಯಿಂದ ಒಂದೇ ಗೇಣು ದೂರ. ಮುಟ್ಟಿದರೆ ಸಾಕು, ಒಳಗೆ ಬೀಳುತ್ತದೆ. "ಬಿದ್ದ ಸದ್ದು ಮೊದ್ಲು ಕೇಳ್ಬೇಕು. ಆಮೇಲೆ ಬೈದ್ರೂ ಅವ್ರು ಬಿಟ್ಟು ಹೋಗುದಿಲ್ಲ." ದಿನಕ್ಕೆ ನಾಲ್ಕು ಹೆಜ್ಜೆ ಹಿಂದಕ್ಕೆ. ಹತ್ತನೇ ದಿನ ಬಕೆಟ್, ಅವಸರವಿಲ್ಲದೆ ಕೋಲು ಬೀಸುವುದು ಕೈಗೆ ಹತ್ತಲಿಕ್ಕೆ. ಹದಿನೈದನೇ ದಿನ ದೊಡ್ಡ ಹೊಡೆತ. ಆಗ ಮೇಷ್ಟ್ರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಹೊಡೆತ ಸರಿಯೋ ತಪ್ಪೋ ಎಂದು ಸದ್ದಿನಿಂದಲೇ ಹೇಳುತ್ತಾರೆ. ಬೆಳಗಿಗೆ ಐದು ಶಿಷ್ಯರು, ನಲವತ್ತು ಹಳೇ ಚೆಂಡು. ಪಾಠ ಶುರುವಾದ ಈ ಎಂಟು ವರ್ಷದಲ್ಲಿ ಬಿಟ್ಟು ಹೋದವರು ಮೂವರು, ಅವರಲ್ಲಿ ಒಬ್ಬರಿಗೆ ವರ್ಗವಾಗಿತ್ತು.

"ಎದುರು ನಿಲ್ಲಿ ಅಂದ್ರೆ ನಿಲ್ಲಿ. ಕಣ್ಣು ಮುಚ್ಕೊಂಡ್ರಾಯ್ತು," ಎಂದು ಹೆಂಡತಿ ರತ್ನಾವತಿ ಹೇಳಿಕಳಿಸಿದ್ದಾರೆ.

ಏಳಕ್ಕೆ ಸರಿಯಾಗಿ ಕಾರ್ಯದರ್ಶಿಯೂ ಸೇರಿ ನಾಲ್ವರು ಬರುತ್ತಾರೆ. ಸದಾನಂದ ಬಕೆಟ್ಟನ್ನು ಗಿಡದ ಮರೆಗಿಟ್ಟು, ರಾಮದಾಸರ ಎದುರು ನಿಂತು ಕಣ್ಣು ಮುಚ್ಚುತ್ತಾರೆ. ಪ್ರಯೋಜನವಿಲ್ಲ, ಉಳಿದ ಎಂಟು ಕಣ್ಣು ತೆರೆದೇ ಇವೆ. ರಾಮದಾಸರ ಮೊದಲ ಹೊಡೆತ ಗಾಳಿಗೆ. ಎರಡನೆಯದಕ್ಕೆ ಹುಲ್ಲಿನ ಹೆಂಟೆ ಹಾರುತ್ತದೆ, ಚೆಂಡು ಇದ್ದಲ್ಲೇ ಇದೆ. ಯಾರೋ ಕಿಸಕ್ಕೆಂದರು. ಕಾರ್ಯದರ್ಶಿ ಗಡಿಯಾರ ನೋಡುತ್ತಾರೆ. ರಾಮದಾಸರ ಕಿವಿ ಕೆಂಪಾಗಿದೆ. ಎಂಟು ವರ್ಷದ ದುಡಿಮೆ ಇನ್ನೊಂದು ಹೊಡೆತದ ಮೇಲೆ ನಿಂತಿದೆ ಎಂದು ಯಾರೂ ಮೇಷ್ಟ್ರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಸದಾನಂದ ತಲೆಯ ಟೋಪಿ ತೆಗೆಯುತ್ತಾರೆ. "ತಪ್ಪಾ ನಿನೈಕ್ಕಾದೀಂಗ ಸಾರ್," ತಪ್ಪು ತಿಳಿಯಬೇಡಿ ಎಂದು ತಮಿಳಿನಲ್ಲಿ ಶುರುಮಾಡುತ್ತಾರೆ. ನೀವು ನಾಲ್ವರೂ ಒಂದೇ ಒಂದು ನಿಮಿಷ ಆ ಕಡೆ ತಿರುಗಿ ನಿಲ್ಲಬೇಕು, ಎನ್ನುತ್ತಾರೆ.

ಕ್ಲಬ್ಬಿನಲ್ಲಿ ಚೀಲ ಹೊತ್ತವನೊಬ್ಬ ಸಮಿತಿಗೆ ಹೀಗೆ ಹೇಳಿದ್ದು ಇದೇ ಮೊದಲಿರಬೇಕು. ಕಾರ್ಯದರ್ಶಿಯ ಮುಖ ಬಿಗಿಯುತ್ತದೆ. ಆದರೆ ನಾಲ್ವರಲ್ಲಿ ಹಿರಿಯರಾದ ಮುದಿ ವಕೀಲರು, ತಾವೂ ಯಾವತ್ತೋ ಗಾಳಿಗೆ ಹೊಡೆದದ್ದು ನೆನಪಾಯಿತೋ ಏನೋ, ಕೋಲೂರಿಕೊಂಡು ಮೆಲ್ಲಗೆ ತಿರುಗುತ್ತಾರೆ. ಇನ್ನಿಬ್ಬರು ತಿರುಗುತ್ತಾರೆ. ಕೊನೆಗೆ ಕಾರ್ಯದರ್ಶಿಯೂ. ಸದಾನಂದ ಎಲ್ಲರಿಗಿಂತ ಕೊನೆಗೆ ತಿರುಗಿ, "ಬಕೆಟ್ ಸಾರ್, ಬಕೆಟ್," ಎಂದು ರಾಮದಾಸರಿಗೆ ಪಿಸುಗುಟ್ಟುತ್ತಾರೆ.

ಐದು ಬೆನ್ನುಗಳ ಹಿಂದೆ 'ಟಕ್' ಎಂದು ಒಂದು ಸದ್ದು. ಒಣಗಿದ, ಚೊಕ್ಕ ಸದ್ದು. ಸದಾನಂದ ತಿರುಗದೆಯೇ, "ನೂರಿಪ್ಪತ್ತು ಗಜ. ಸ್ವಲ್ಪ ಎಡಕ್ಕೆ," ಎನ್ನುತ್ತಾರೆ. ಕಾರ್ಯದರ್ಶಿ ತಾವೇ ನಡೆದು ಅಳೆಯುತ್ತಾರೆ. ನೂರ ಹದಿನೆಂಟು.

ಮಂಗಳವಾರ ಅನುಮತಿ ಬಂದಿದೆ, ಮಾರ್ಚ್ ಮುಗಿಯುವವರೆಗೆ ಮಾತ್ರ. ಹಾಗಾಗಿ ಈಗಲೂ ಸದಾನಂದ ದಿನಾ ಬೆಳಿಗ್ಗೆ ನೋಟೀಸು ಹಲಗೆಯತ್ತ ಒಮ್ಮೆ ನೋಡಿಯೇ ಮೈದಾನಕ್ಕೆ ಇಳಿಯುತ್ತಾರೆ. ಏಪ್ರಿಲ್ಲಿನ ಚಿಂತೆ ಬಿಟ್ಟಿಲ್ಲ.

ಚೀಲ ಹೊರುವವರು ಇಲ್ಲಿ ಚೆಂಡು ಹೊಡೆಯುವಂತಿಲ್ಲ. ಹಾಗಾದರೆ ಹೊಡೆಯದೆಯೇ ಕಲಿಸುವುದು ಹೇಗೆ ಎಂದು ಕೇಳಿದರೆ ಅವರು ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ.

"ಯಾರೂ ಇಲ್ಲದಾಗ ಬೇಕಾದಷ್ಟು ಹೊಡ್ದಿದ್ದೇನೆ, ಸುಳ್ಳು ಯಾಕೆ? ಒಂದೇ ಆಸೆ ಉಂಟು. ಒಂದ್ಸಲ, ಎಲ್ರೂ ನೋಡ್ತಾ ಇರುವಾಗ ಹೊಡಿಬೇಕು."